ಆಮೇಲೆ ಆರಿಸಿದವನ ದಾಳ

ಎಸೆಯುವವರು ಇಬ್ಬರಾದರೂ ದಾಳ ಒಂದೇ ಇರಬೇಕು. ಹೂಳುಕೆರೆಯ ಕುಂಬಾರಗೇರಿಯ ಕಟ್ಟಳೆ ಇದು. ಕೇರಿಯಲ್ಲಿ ಇದನ್ನು ತಿಳಿಯದವರಿರಲಿಲ್ಲ. ಮುರಿಯದವರೂ ಇರಲಿಲ್ಲ.

ಕಟ್ಟಳೆ ಹುಟ್ಟಿದ್ದು ಆವಿಗೆಯಿಂದ. ಮಡಕೆ ಸುಡುವ ಆವಿಗೆ ಇಡೀ ಕೇರಿಗೆ ಒಂದೇ. ಸಣ್ಣ ಮಡಕೆಗಳಾದರೆ ಹಲವು ಮನೆಯವು ಒಟ್ಟಿಗೆ ಹಿಡಿಯುತ್ತವೆ. ಕಾಳು ತುಂಬಿಡುವ ವಾಡೆಗಳು ಹಾಗಲ್ಲ, ಆಳೆತ್ತರ. ಒಂದು ಮನೆಯ ವಾಡೆಗಳನ್ನಿಟ್ಟರೆ ಆವಿಗೆ ಭರ್ತಿ. ಆದ್ದರಿಂದ ಇಬ್ಬರಿಗೆ ಒಂದೇ ಸಲ ಆವಿಗೆ ಬೇಕಾದರೆ ಯಜಮಾನರ ಮುಂದೆ ದಾಳ ಎಸೆಯುತ್ತಿದ್ದರು. ಮೊದಲು ಒಬ್ಬರು, ಅದೇ ದಾಳವನ್ನು ಆಮೇಲೆ ಇನ್ನೊಬ್ಬರು. ಹೆಚ್ಚು ಬಿದ್ದವರಿಗೆ ಆವಿಗೆ.

ಇದರಲ್ಲಿ ಒಂದು ರಗಳೆ ಇತ್ತು. ಎಷ್ಟೋ ಸಲ ಇಬ್ಬರಿಗೂ ಸಮ ಬೀಳುತ್ತಿತ್ತು. ಮತ್ತೆ ಎಸೆಯಬೇಕು. ಅಷ್ಟರಲ್ಲಿ ನೋಡಲು ನಿಂತವರ ನಡುವೆ ಮಾತಿಗೆ ಮಾತು ಬೆಳೆದು ಜಗಳ.

ಒಂದು ವರ್ಷ ಮಣಿಸರ ಮಾರುವವನೊಬ್ಬ ಕೇರಿಗೆ ಬಂದ. ಒಂದು ಕೊಡ ತೆಗೆದುಕೊಂಡು ಬದಲಿಗೆ ಮೂರು ದಾಳ ಕೊಟ್ಟ. ಒಂದು ಕೆಂಪು, ಒಂದು ಬಿಳಿ, ಒಂದು ಕರಿ. ಕೆಂಪು ದಾಳದ ಮುಖಗಳ ಮೇಲೆ ಎರಡು, ನಾಲ್ಕು, ಒಂಬತ್ತು. ಒಂದೊಂದು ಸಂಖ್ಯೆಯೂ ಎರಡೆರಡು ಮುಖಗಳಲ್ಲಿ. ಬಿಳಿಯದರಲ್ಲಿ ಹಾಗೆಯೇ ಒಂದು, ಆರು, ಎಂಟು. ಕರಿಯದರಲ್ಲಿ ಮೂರು, ಐದು, ಏಳು.

"ಒಬ್ಬೊಬ್ಬರು ಒಂದೊಂದು ಹಿಡ್ಕೊಂಡು ಎಸೀರಿ. ಸಮ ಬೀಳೋ ಮಾತೇ ಇಲ್ಲ," ಎಂದ.

ಯಜಮಾನ ಕಾಳಶೆಟ್ಟರು ಕೂಡಿ ನೋಡಿದರು. ಮೂರು ದಾಳಕ್ಕೂ ಮೊತ್ತ ಮೂವತ್ತು. "ಮೊತ್ತ ಒಂದೇ ಅಂದ್ಮೇಲೆ ದಾಳ ಒಂದೇ ಅಂದ ಹಾಗೇ," ಎಂದು ತೀರ್ಮಾನ ಕೊಟ್ಟರು. ಕೇರಿ ತಲೆಯಾಡಿಸಿತು. ಮರ್ಯಾದೆಗೆಂದು ಒಂದು ಪದ್ಧತಿಯನ್ನೂ ಸೇರಿಸಿಕೊಂಡಿತು: ಹಿರಿಯರು ಮೊದಲು ದಾಳ ಆರಿಸಬೇಕು, ಕಿರಿಯರು ಆಮೇಲೆ.

ಓದುವವರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು. ಸುಮ್ಮನೆ ನಂಬಬೇಡಿ. ಕೆಂಪಿನ ಮೂರು ಸಂಖ್ಯೆಗಳು ಬಿಳಿಯ ಮೂರು ಸಂಖ್ಯೆಗಳಿಗೆ ಎದುರಾದರೆ ಒಟ್ಟು ಒಂಬತ್ತು ಜೋಡಿ. ಕೆಂಪಿನ ಎರಡು, ಬಿಳಿಯ ಒಂದನ್ನು ಮಾತ್ರ ಗೆಲ್ಲುತ್ತದೆ. ಕೆಂಪಿನ ನಾಲ್ಕೂ ಅಷ್ಟೇ. ಒಂಬತ್ತು ಮಾತ್ರ ಬಿಳಿಯ ಎಲ್ಲ ಸಂಖ್ಯೆಗಳನ್ನೂ ಗೆಲ್ಲುತ್ತದೆ. ಒಂಬತ್ತು ಜೋಡಿಯಲ್ಲಿ ಐದು ಕೆಂಪಿನ ಪಾಲು. ಇದೇ ರೀತಿ ಬಿಳಿಯು ಕರಿಯನ್ನು ಒಂಬತ್ತಕ್ಕೆ ಐದರಂತೆ ಗೆಲ್ಲುತ್ತದೆ. ಹಾಗಾದರೆ ಕೆಂಪೇ ಎಲ್ಲಕ್ಕಿಂತ ಗಟ್ಟಿ ಎನ್ನುತ್ತೀರಿ. ಅವಸರ ಬೇಡ. ಕರಿಯು ಕೆಂಪನ್ನು ಗೆಲ್ಲುತ್ತದೆ, ಅದೂ ಒಂಬತ್ತಕ್ಕೆ ಐದರಂತೆಯೇ! ಎಲ್ಲವನ್ನೂ ಗೆಲ್ಲುವ ದಾಳ ಆ ಮೂರರಲ್ಲಿ ಇಲ್ಲವೇ ಇಲ್ಲ. ನೀವು ಯಾವುದನ್ನು ಹಿಡಿದರೂ ಅದನ್ನು ಸೋಲಿಸುವಂಥದ್ದೊಂದು ಚಾಪೆಯ ಮೇಲೆ ಉಳಿದಿರುತ್ತದೆ. ಅನುಕೂಲ ಇರುವುದು ದಾಳದಲ್ಲಲ್ಲ, ಆಮೇಲೆ ಆರಿಸುವುದರಲ್ಲಿ.

ಕೇರಿಯ ಕಿರಿಯರಿಗೆ ಇದು ಬೇಗ ತಿಳಿಯಿತು. ಯಾರೂ ಬಾಯಿ ಬಿಡಲಿಲ್ಲ. ಹಿರಿಯರು ಒಮ್ಮೊಮ್ಮೆ ಗೆದ್ದರೂ ಸೋತದ್ದೇ ಹೆಚ್ಚು. ಅವರು ದಾಳವನ್ನು ಬೈಯಲಿಲ್ಲ, ತಮ್ಮ ಹಣೆಬರಹವನ್ನು ಬೈದುಕೊಂಡರು.

ಮರಿಶೆಟ್ಟಿ ಈ ಕಿರಿಯರಲ್ಲಿ ಒಬ್ಬ. ಅವನೂ ಹಿಂದೆ ಹೀಗೆ ಆರಿಸಿ ಗೆದ್ದವನೇ. ಆದರೆ ಹೋದ ವರ್ಷ ಅವನ ವಾಡೆಗಳು ಆವಿಗೆಯಲ್ಲೇ ಸೀಳಿದ್ದವು. ಈ ಬೇಸಿಗೆಯೆಲ್ಲ ಮಣ್ಣಿನ ಹದ ಬದಲಿಸಿ, ಮರಳು ಬೆರೆಸಿ, ಹೊಸದಾಗಿ ತಟ್ಟಿದ್ದ. ಇನ್ನು ಮಳೆ ಹಿಡಿಯುವುದರೊಳಗೆ ಆವಿಗೆಗೆ ಬೆಂಕಿ ಹಾಕುವುದು ಒಂದೇ ಸಲ. ಅದು ತಪ್ಪಿದರೆ ಹಸಿ ವಾಡೆಗಳು ತೇವ ಕುಡಿದು ಕುಸಿಯುತ್ತವೆ. ಈ ವರ್ಷವೂ ಕೈಕೊಟ್ಟರೆ ವಾಡೆ ಕೇಳಿಕೊಂಡು ಅವನ ಬಾಗಿಲಿಗೆ ಇನ್ಯಾರೂ ಬರುವುದಿಲ್ಲ.

ಆವಿಗೆ ಕೇಳಿದ ಇನ್ನೊಬ್ಬಳು ಚೌಡಜ್ಜಿ. ಅವಳ ವಾಡೆಗಳೂ ಅಂಗಳದಲ್ಲಿ ಒಣಗಿ ನಿಂತಿದ್ದವು.

ಯಜಮಾನರ ಮನೆಗೆ ಹೊರಡುವಾಗ ಮರಿಶೆಟ್ಟಿಗೆ ಹೆಂಡತಿ ರತ್ನಮ್ಮ ಮತ್ತೆ ನೆನಪಿಸಿದಳು. "ಅಜ್ಜಿ ಕೆಂಪು ಹಿಡಿದ್ರೆ ನೀವು ಕರೀದು. ಬಿಳಿ ಹಿಡಿದ್ರೆ ಕೆಂಪು. ಕರಿ ಹಿಡಿದ್ರೆ ಬಿಳೀದು. ಅಲ್ಲಿ ಹೋಗಿ ಪೆದ್ದುಪೆದ್ದಾಗಿ ನಿಂತ್ಕೋಬೇಡಿ."

"ಮೋಸ ಅಲ್ವೇನೆ ಇದು?"

"ಮೋಸ ಎಲ್ಲಿಂದ ಬಂತು? ಮೊದಲು ಆರಿಸೋರು ಅವರೇ. ನಾವೇನು ಕೈ ಹಿಡಿದು ಬಲವಂತ ಮಾಡ್ತೀವಾ?"

ಮರಿಶೆಟ್ಟಿ ಹೊರಟ. ರತ್ನಮ್ಮನೂ ಹಿಂದೆಯೇ ಬಂದಳು.

ಜಗಲಿಯ ಮೇಲೆ ಚಾಪೆ ಹಾಸಿ ಮೂರು ದಾಳ ಇಟ್ಟಿದ್ದರು. ಕೇರಿಯವರು ಸುತ್ತ ಕೂತಿದ್ದರು.

"ಹಿರೀಕಳು ನೀನು ಚೌಡಕ್ಕ, ಆರಿಸ್ಕೊ," ಎಂದರು ಕಾಳಶೆಟ್ಟರು.

"ಯಾವ್ದಾದ್ರೇನು ಕಾಳಶೆಟ್ಟಿ? ಹೋದ್ಸಲ ಕೆಂಪು ಹಿಡಿದು ಸೋತೆ, ಅದಕ್ಕೆ ಮೊದಲು ಬಿಳೀದು. ಈ ಕೈಗೆ ಶನಿ ಹಿಡಿದದೆ."

"ಅಜ್ಜಿ, ಕೈಗೆ ಒಸಿ ಎಣ್ಣೆ ಹಚ್ಕೊಂಡು ಬರೋದಲ್ವಾ!" ಎಂದು ಹಿಂದಿನಿಂದ ಯಾವನೋ ಕೂಗಿದ. ಹುಡುಗರು ನಕ್ಕರು.

"ಮಿಕ್ಕಿದ್ದನ್ನ ನಿನ್ನ ನಾಲಿಗೆಗೆ ಹಚ್ತೀನಿ, ಬಾರೋ," ಎಂದಳು ಅಜ್ಜಿ. ಆಮೇಲೆ ದನಿ ಇಳಿಯಿತು. "ನಾನು ಮುಟ್ಟಿದ ಮಣ್ಣು ಏಳಿಗೆಯಾಗಲ್ಲ ಅಂತ ಮನೇಲಿ ಸೊಸೆ ಅಂತಾಳೆ. ಇದೂ ಹೋದ್ರೆ ಇನ್ನು ಮಡಕೆ ತಿರುಗ್ಸೋ ತಿಗರಿ ಮುಟ್ಟಲ್ಲ ಬಿಡು."

ಅಂಗೈಯನ್ನು ಸೆರಗಿಗೆ ಒರೆಸಿ ಒರೆಸಿ, ಮೈಲಿಗೆಯ ಕೈಯೇನೋ ಎಂಬಂತೆ ಅಳುಕುತ್ತಾ, ಕರಿ ದಾಳ ಎತ್ತಿಕೊಂಡಳು.

ಮರಿಶೆಟ್ಟಿ ಆ ಒರೆಸುವುದನ್ನೇ ನೋಡುತ್ತಿದ್ದ. ಬಿಳಿ ದಾಳ ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ನೀನು ಆರಿಸಪ್ಪ ಮರಿ."

"ನಾನು ಆರಿಸಲ್ಲ ಯಜಮಾನರೇ. ಅಜ್ಜಿ ಎಸೀಲಿ. ಅದೇ ದಾಳವನ್ನ ನಾನೂ ಎಸೀತೀನಿ."

"ಅದ್ಯಾಕಯ್ಯಾ?"

"ಕಟ್ಟಳೆ ಇರೋದು ಹಾಗೇ ಅಲ್ವಾ? ಅಜ್ಜಿ ಕೈಗೆ ಯಾವ ಶನೀನೂ ಹಿಡಿದಿಲ್ಲ. ಅವರು ಯಾವ ದಾಳ ಹಿಡಿದ್ರೂ ಅದನ್ನ ಸೋಲಿಸೋದು ಒಂದು ಇಲ್ಲಿ ಮಿಕ್ಕಿರುತ್ತೆ. ಚಿಕ್ಕೋರು ನಾವು ನೋಡ್ಕೊಂಡು ಅದನ್ನೇ ಎತ್ಕೋತೀವಿ. ಈ ಹುಡುಗರಿಗೆಲ್ಲಾ ಗೊತ್ತು. ನಂಗೂ ಗೊತ್ತಿತ್ತು."

ನಗುತ್ತಿದ್ದ ಹುಡುಗರು ತಲೆ ತಗ್ಗಿಸಿದರು. ಕಾಳಶೆಟ್ಟರು ಕೆಂಪು ದಾಳವನ್ನು ತಿರುಗಿಸಿ ತಿರುಗಿಸಿ ನೋಡಿ, "ಮೂರಕ್ಕೂ ಮೂವತ್ತೇ ಇದ್ಯಲ್ಲಯ್ಯಾ," ಎಂದು ಗೊಣಗಿದರು.

ಚೌಡಜ್ಜಿ ತನ್ನ ಅಂಗೈಯನ್ನು ನೋಡಿಕೊಂಡಳು. ದಾಳ ಎಸೆದಳು.

ಏಳು ಬಿತ್ತು.

ಕರಿ ದಾಳದಲ್ಲಿ ಏಳಕ್ಕಿಂತ ದೊಡ್ಡದಿಲ್ಲ. ಅದನ್ನೇ ಎಸೆದರೆ ಮರಿಶೆಟ್ಟಿ ಹೆಚ್ಚೆಂದರೆ ಸಮ ಮಾಡಿಯಾನು, ಆ ಎಸೆತದಲ್ಲಿ ಗೆಲ್ಲಲಾರ.

"ರೀ, ಬಿಳೀದು ತಗೊಳ್ಳಿ! ಎಂಟಿದೆ ಅದ್ರಲ್ಲಿ!" ರತ್ನಮ್ಮ ಕಂಬದ ಮರೆಯಿಂದ ಕೂಗಿಯೇಬಿಟ್ಟಳು.

ಕಾಳಶೆಟ್ಟರು ಮೆಲ್ಲಗೆ ಕೇಳಿದರು. "ಮಾತು ಬದಲಾಯಿಸ್ತೀಯೇನಪ್ಪ? ನೀನಿನ್ನೂ ಎಸೆದಿಲ್ಲ. ಯಾರೂ ಏನೂ ಅನ್ನಲ್ಲ."

ಬೇಸಿಗೆಯೆಲ್ಲ ತಟ್ಟಿದ ವಾಡೆಗಳು ಮರಿಶೆಟ್ಟಿಯ ಕಣ್ಣಿಗೆ ಕಟ್ಟಿದವು. ಅವನು ಬಾಗಿದ. ಏಳು ತೋರಿಸುತ್ತಾ ಬಿದ್ದಿದ್ದ ಕರಿ ದಾಳವನ್ನೇ ಎತ್ತಿಕೊಂಡು ಎಸೆದ.

ನೀತಿ: ಮೊದಲು ಆರಿಸುವ ಮರ್ಯಾದೆಯನ್ನು ಇನ್ನೊಬ್ಬರಿಗೆ ಕೊಟ್ಟ ಮಾತ್ರಕ್ಕೆ ಆಟ ನ್ಯಾಯದ್ದಾಗುವುದಿಲ್ಲ. ಎದುರಿನವರಿಗೆ ತಿಳಿಯದ್ದು ನಿಮಗೆ ತಿಳಿದಿದ್ದರೆ ಅದನ್ನು ಅವರಿಗೆ ಹೇಳಿ. ಹೇಳುವ ಮನಸ್ಸಿಲ್ಲದಿದ್ದರೆ ಅದರಿಂದ ಬರುವ ಗೆಲುವನ್ನು ಮುಟ್ಟಬೇಡಿ.