ಗಡ್ಡದಜ್ಜನ ಕಾಯಿ

ಪರಮಪೂಜ್ಯ ಶ್ರೀ ನಿರಾಲಂಬ ಸ್ವಾಮಿಗಳು ಗದಗಿನ ಕಡೆಯವರು. ಹಿಮಾಲಯದ ಒಂದು ಇಳಿಜಾರಿನಲ್ಲಿ ಕಲ್ಲುಗೋಡೆಯ ಪುಟ್ಟ ಕುಟೀರ ಕಟ್ಟಿಕೊಂಡು ನೆಲೆಸಿದ್ದರು. ಒಂದು ಕಂಬಳಿ, ಒಂದು ಕೊಡಲಿ, ಅಂಗಳದಲ್ಲಿ ಬಾದಾಮಿಯಂಥ ಗಟ್ಟಿ ಚಿಪ್ಪಿನ ಕಾಯಿ ಬಿಡುವ ಒಂದು ಹೇಜಲ್‌ನಟ್ ಗಿಡ, ಇಷ್ಟೇ ಅವರ ಆಸ್ತಿ. ಆ ಸೀಮೆಯಲ್ಲಿ ಇಂದಿಗೂ ಹೇಜಲ್‌ನಟ್ ಎಂದರೆ ಯಾರಿಗೂ ತಿಳಿಯದು, ಅಲ್ಲಿನವರ ಮಾತಿನಲ್ಲಿ ಗಡ್ಡದಜ್ಜನ ಕಾಯಿ ಎಂದೇ ಹೇಳಬೇಕು. ಕಾಯಿಯ ಸಿಪ್ಪೆ ಗಡ್ಡದ ಹಾಗೆ ಇಳಿಬಿದ್ದಿರುತ್ತದೆ, ಹೆಸರಿಗೆ ಅಷ್ಟೇ ಕಾರಣ ಎನ್ನುವ ಜಾಣರೂ ಇದ್ದಾರೆ. ಇರಲಿ ಬಿಡಿ, ಅವರ ಜಾಣತನ ಅವರಿಗೆ. ನಡೆದದ್ದನ್ನು ಹೇಳುತ್ತೇನೆ.

ಕುಟೀರದ ಕೆಳಗೆ ಫಕೀರಪ್ಪನ ತೋಟವಿತ್ತು. ಆತನೂ ಗದಗಿನವನೇ. ಸೈನ್ಯದಿಂದ ನಿವೃತ್ತನಾಗಿ ಅಲ್ಲೇ ನೆಲೆಯೂರಿದ್ದ. “ಕಾಯಿಗೂ ಗಡ್ಡ, ಅಜ್ಜಗೂ ಗಡ್ಡ” ಎಂದು ಸ್ವಾಮಿಗಳನ್ನೂ ಅವರ ಗಿಡವನ್ನೂ ಆಡಿಕೊಳ್ಳುತ್ತಿದ್ದ. ಅವನ ತೋಟದ ಹೇಜಲ್‌ನಟ್ ಗಿಡಗಳೆಲ್ಲ ಒಂದೇ ತಾಯಿಗಿಡದಿಂದ ಎಬ್ಬಿಸಿದ ಮೇಲು ತಳಿ. ಸುತ್ತ ತಾನಾಗಿ ಬೆಳೆದಿದ್ದ ಬೇರೆ ಗಿಡಗಳನ್ನು ಜಾತಿ ಕೆಡುತ್ತದೆಂದು ಬುಡಸಮೇತ ಕೀಳಿಸಿದ್ದ. ಮಗಳು ನೀಲವ್ವ ಆ ಬೆಟ್ಟದ ಹುಡುಗನನ್ನು ಮದುವೆಯಾದಾಗಲೂ ಇದೇ ಮಾತು ಹೇಳಿ ಬಾಗಿಲು ಹಾಕಿಕೊಂಡಿದ್ದ.

ಮಾಘಮಾಸದ ಒಂದು ಬೆಳಿಗ್ಗೆ ಫಕೀರಪ್ಪ ಧಡಧಡನೆ ಕುಟೀರಕ್ಕೆ ಬಂದ.

“ಅಜ್ಜಾರ, ನಿಮ್ಮ ಕೊಡ್ಲಿ ಕೊಡ್ರಿ. ಇಡೀ ತ್ವಾಟ ಕಡದ ಒಗೀತೀನಿ. ವರ್ಷಾ ವರ್ಷಾ ಬರೇ ಚಿಪ್ಪ! ಒಡದ್ರ ಒಳಗ ಏನೂ ಇಲ್ಲ. ನನ್ನ ಜೀವಮಾನದ ದುಡಿಮಿ ಮಣ್ಣುಪಾಲಾತ್ರಿ. ನಿಮ್ಮ ದೇವ್ರಿಗೆ ಕಣ್ಣ ಅದಾವೇನು?”

ಪೂಜ್ಯರು ಕೊಡಲಿ ಎತ್ತಿಕೊಂಡರು, ಆದರೆ ಅವನ ಕೈಗೆ ಕೊಡಲಿಲ್ಲ. ತಮ್ಮ ಗಿಡದ ಬಳಿಗೇ ಹೋದರು. ಎಲೆಯಿಲ್ಲದ ಕೊಂಬೆಗಳಲ್ಲಿ ಹಳದಿ ಹೂಗೊಂಚಲು ಜಡೆಕುಚ್ಚಿನಂತೆ ತೂಗುತ್ತಿದ್ದವು. ಅವುಗಳಲ್ಲಿ ಒಳ್ಳೊಳ್ಳೆಯ ಕೊಂಬೆಗಳನ್ನೇ ಕಡಿದು ಅವನ ತೋಳಿಗೆ ಹಾಕಿದರು.

“ಇವನ್ನ ನಿನ್ನ ಗಿಡಗಳಿಗೆ ಕಟ್ಟು. ಹೂವಿನ ಧೂಳಿ ಗಾಳಿಗೆ ಹಾರ್ಲಿ.”

“ಇದು ಬ್ಯಾರೆ ಜಾತಿ ಅಲ್ರೀ?”

“ಜಾತಿ ಕಾಯ್ದಿ, ಚಿಪ್ಪ ಉಳೀತು. ತಿರುಳ ಹೊರಗಿಂದ ಬರಬೇಕಪ್ಪಾ” ಎಂದರು ಪೂಜ್ಯರು.

ಫಕೀರಪ್ಪ ಕೊಂಬೆಗಳನ್ನು ಅವುಚಿಕೊಂಡು ಇಳಿದು ಹೋಗಿ ತನ್ನ ಗಿಡಗಳಿಗೆ ಕಟ್ಟಿದ.

ಶ್ರಾವಣ ಮುಗಿಯುತ್ತ ಬಂದಂತೆ ಕಾಯಿ ಉದುರತೊಡಗಿದವು. ಫಕೀರಪ್ಪ ಮೊದಲನೆಯದನ್ನು ಕಲ್ಲಿನಿಂದ ಒಡೆದು ನೋಡಿದ. ಅಬ್ಬಾ, ತುಂಬಿದ ತಿರುಳು! ಅವನು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಒಂದಿಷ್ಟು ಕಾಯಿಗಳನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ನೇರ ಮಗಳ ಮನೆಗೆ ನಡೆದ.

ನೀಲವ್ವ ಬಾಗಿಲಲ್ಲೇ ನಿಂತುಬಿಟ್ಟಳು. “ಯಪ್ಪಾ…” ಎಂದಳು. ಗಂಟು ನೋಡಿ, “ಏನಿದು?” ಎಂದು ಕೇಳಿದಳು.

“ಗಡ್ಡದಜ್ಜನ ಕಾಯಿ, ನನ್ನವ್ವಾ.” ಆಡಿಕೊಳ್ಳುತ್ತಿದ್ದ ಬಾಯಲ್ಲೇ ಈಗ ಆ ಹೆಸರಿಟ್ಟು ಗಂಟು ಬಿಚ್ಚಿದ. “ನಿನ್ನ ಗಂಡನ್ನ ಕರಿ. ಮೊದ್ಲ ಅವನ ಕೈಯಾಗ ಕೊಡಬೇಕು.”