ಹೆಗ್ಗಣ ತಂದ ಸಾಕ್ಷಿ

ಹತ್ತಿರ ಬಾ, ಮೆಲ್ಲಗೆ ಹೇಳ್ತೀನಿ; ಯಾರ ಮುಂದೂ ಬಾಯಿ ಬಿಟ್ಟೀಯ, ಜೋಕೆ! ಹೇಂಟೆ ಚೌಡವ್ವ ತನ್ನ ಮೊಟ್ಟೆ ಕಾಣದಾದಾಗ ಪಕ್ಕದ ಬಾತುಕೋಳಿಯ ಮೇಲೆ ಗುಮಾನಿಪಟ್ಟು, ಹೆಗ್ಗಣವನ್ನು ಪತ್ತೇದಾರನಾಗಿ ಇಟ್ಟಳು. ಆ ಮನೆಹಾಳ ಹೆಗ್ಗಣ ಬಾತಿನ ಗೂಡಿಗೇ ಕನ್ನ ಕೊರೆದು, ಕಾವಿನಲ್ಲಿದ್ದ ಮೊಟ್ಟೆಯೊಂದನ್ನು ಸಾಕ್ಷಿಗೆಂದು ಎಳೆದು ತಂದು ಒಡೆದೇಬಿಟ್ಟಿತು!

"ಬೀದಿಯಲ್ಲಿ ನಿಂತು ನೋಡು, ಕೇಳು. ಕನ್ನ ಕೊರೆಯೋಕೆ ನಿನಗೇನು ಹಕ್ಕು?" ಎಂದು ಕಾವಲುನಾಯಿ ಗುರುಗುಟ್ಟಿತು.

"ಚೌಡವ್ವನ ಅಪ್ಪಣೆ ಇದೆ," ಎಂದಿತು ಹೆಗ್ಗಣ.

"ಅವಳ ಅಪ್ಪಣೆ ಅವಳ ಗೂಡಿಗಷ್ಟೇ ಕಣೋ!"

ಬಾತುಕೋಳಿ ಚೌಡವ್ವನ ಮುಖಕ್ಕೇ ಹೇಳಿತು: "ಒಡೆದದ್ದು ನಿನ್ನದೇ ಕಣೇ. ಮೊನ್ನೆ ನೀನೇ ನನ್ನ ಗೂಡಲ್ಲಿ ಇಟ್ಟು ಮರೆತೆ, ನಾನು ಕಾವು ಕೊಡುತ್ತಿದ್ದೆ. ಬಾಗಿಲಿಗೆ ಬಂದು ಕೇಳಿದ್ದರೆ ಕೊಡುತ್ತಿರಲಿಲ್ಲವೇನೇ?"