ಒಂದೂವರೆ ದಿನದ ಏಡಿಯಾಟ

ನೆಲ್ಲಿಕೋಟೆಯ ದೊರೆ ಬೈಚಪ್ಪ ನಾಯಕರಿಗೆ ಪಗಡೆ, ಚೌಕಾಬಾರ, ಹುಲಿಕಟ್ಟು ಎಲ್ಲ ಆಡಿ ಆಡಿ ಬೇಸರ ಬಂದಿತ್ತು. ದೊರೆಗೆ ಬೇಸರ ಬಂದರೆ ಊರಿಗೆ ಕೆಲಸ. ಒಂದು ಬೆಳಿಗ್ಗೆ ಡಂಗುರ ಹೊಡೆಸಿದರು: "ನಾಳೆ ಸಂಜೆಯೊಳಗೆ ಹೊಸ ಆಟವೊಂದನ್ನು ತರಬೇಕು. ಆಟದಲ್ಲಿ ಏಡಿ ಇರಬೇಕು. ಗೆದ್ದವರಿಗೆ ಕೋಟೆಯೊಳಗೆ ಹೆಂಚಿನ ಮನೆ."

ಏಡಿಯೇ ಯಾಕೆ ಎಂದು ಯಾರೂ ಕೇಳಲಿಲ್ಲ. ದೊರೆ ಹಿಂದಿನ ದಿನ ಕೆರೆಯಲ್ಲಿ ಏಡಿಯಿಂದ ಕಚ್ಚಿಸಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಸಂಜೆ ಕೊನೆಗೆ ಉಳಿದದ್ದು ಎರಡು ಆಟ. ಒಂದು ಕುಂಬಾರರ ಈರವ್ವನದು. ಗಾಳಿಗೆ ಮನೆ ಬಿದ್ದು, ಅವಳು ಎರಡು ಮಕ್ಕಳೊಂದಿಗೆ ಗುಡಿಯ ಜಗಲಿಯಲ್ಲಿ ದಿನ ತಳ್ಳುತ್ತಿದ್ದಳು. ಅವಳಿಗೆ ಆಟದ ಹುಚ್ಚಿರಲಿಲ್ಲ, ಮನೆ ಬೇಕಿತ್ತು. ಅವಳ ಮಣ್ಣಿನ ಮಣೆ ಇನ್ನೂ ಹಸಿ. ಮಣ್ಣಿನ ಏಡಿಗಳನ್ನು ಅಡ್ಡಡ್ಡ ನಡೆಸುವಾಗ ದೊರೆಯ ಬೆರಳೆಲ್ಲ ಕೆಸರಾಯಿತು.

ಆಟದ ನಡುವೆ ಅವಳೇ ನಿಲ್ಲಿಸಿದಳು. "ತಡೀರಿ ಬುದ್ಧಿ. ಒಂದೇ ಬಿಲಕ್ಕೆ ಎರಡು ಏಡಿ ಬಂದ್ರೆ ಏನು ಅಂತ ನಾನಿನ್ನೂ ಯೋಚ್ನೆ ಮಾಡಿಲ್ಲ."

ಇನ್ನೊಂದು ದೊರೆಯ ಭಾವಮೈದುನ ಹಿರಿಯಣ್ಣ ನಾಯಕನದು. ರೇಷ್ಮೆಯ ಹಾಸು, ದಂತದ ಕಾಯಿ. ಆನೆ, ಕುದುರೆ, ಕೋಟೆ ಎಲ್ಲ ಇದ್ದವು. ಏಡಿ ಮಾತ್ರ ಒಂದೇ ಒಂದು, ಅದೂ ಮೂಲೆಯಲ್ಲಿ. ಅದರ ಬಣ್ಣ ದೊರೆಯ ತೋಳಿಗೆ ಅಂಟಿತು.

ಇದರಲ್ಲಿ ದೊರೆ ಹಿರಿಯಣ್ಣನ ಕೈಲಿ ಮೂರು ಸಲ ಸೋತು ಬೆರಗಾದರು. "ಒಂದೂವರೆ ದಿನದಲ್ಲಿ ಇಷ್ಟು! ಬೀಗದಕೈ ತನ್ನಿ." ಈರವ್ವ ತನ್ನ ಮಣೆಯನ್ನು ಎತ್ತಿಕೊಳ್ಳಲು ಬಗ್ಗಿದಳು.

ಆಸ್ಥಾನದ ವಿದೂಷಕ ಚೆಲುವಯ್ಯ ಹಾಸಿನ ಬಳಿ ಬಂದು ಕೂತ. ಮಡಿಸಿದ ಕಡೆಯಲ್ಲೆಲ್ಲ ರೇಷ್ಮೆ ಬಿಳಿಚಿಕೊಂಡಿತ್ತು. ಅವನು ಅದರ ಮಾತೇ ಎತ್ತಲಿಲ್ಲ.

"ಎಂಥಾ ಆಟ ನಾಯಕರೇ! ಇದರಲ್ಲಿ ನಿಮ್ಮನ್ನು ಸೋಲಿಸುವವರು ಯಾರೂ ಇಲ್ಲ ಅಂತ ಕಾಣುತ್ತೆ."

ಹಿರಿಯಣ್ಣ ಮೀಸೆ ತಿರುವಿದ. "ಹುಟ್ಟಿಲ್ಲ. ನಮ್ಮ ಮಾವನವರು ಎಂಥ ಆಟಗಾರರು! ಅವರೇ ಇದರಲ್ಲಿ ನನ್ನ ಕೈಲಿ ಹನ್ನೊಂದು ಸಲ ಸೋತಿದ್ದಾರೆ."

"ಹೌದಾ? ಅವರ ವರ್ಷದ ತಿಥಿಗೆ ಹೋದ ತಿಂಗಳು ನಾನೂ ಬಂದಿದ್ದೆ. ವಡೆ ಚೆನ್ನಾಗಿತ್ತು. ಪಾಪ, ನಿನ್ನೆ ಪುನಃ ಬಂದು ಹನ್ನೊಂದು ಸಲ ಸೋತರೇ?"

ಸಭೆಯಲ್ಲಿ ಯಾರೋ ಕೆಮ್ಮಿದರು. ಹಿರಿಯಣ್ಣನ ಮುಖ ಕೆಂಪಾಯಿತು, ದನಿ ಮಾತ್ರ ಇಳಿಯಲಿಲ್ಲ.

"ಆಟ ಹಳೆಯದೇ, ಏನೀಗ? ಭಾವನವರಿಗೆ ಹೊಸದೇ ತಾನೇ? ಕದ್ದು ತಂದಿಲ್ಲ, ನಾನೇ ಮಾಡಿದ್ದು. ನಾಲ್ಕು ವರ್ಷ ಕಷ್ಟಪಟ್ಟಿದ್ದೇನೆ. ನಾಳೆ ಸಂಜೆಯೊಳಗೆ ತರಬೇಕು ಅಂದರು, ತಂದಿದ್ದೇನೆ. ಯಾವಾಗ ಶುರುಮಾಡಬೇಕು ಅಂತ ಡಂಗುರದವನು ಹೇಳಿದನೇ?"

ಡಂಗುರದವನು ಕಂಬದ ಹಿಂದೆ ಸರಿದ. ದೊರೆ ಪೇಚಿಗೆ ಸಿಕ್ಕಿದರು. ಅತ್ತ ರಾಣಿಯ ತಮ್ಮ, ಇತ್ತ ಕೆಸರಾದ ಬೆರಳು. "ಚೆಲುವಯ್ಯ, ಏನು ಮಾಡೋಣ?"

"ನಾಯಕರ ಮಾತು ಸರಿಯಾಗಿದೆ ಪ್ರಭು. ಮನೆ ಅವರಿಗೇ ಸಲ್ಲಬೇಕು."

ಈರವ್ವ ತಲೆ ಎತ್ತಿ ಅವನನ್ನು ನೋಡಿದಳು. ಆ ನೋಟ ಒಳ್ಳೆಯದಾಗಿರಲಿಲ್ಲ.

ಚೆಲುವಯ್ಯ ಮುಂದುವರಿಸಿದ. "ನಾಯಕರೇ, ಈಗ ನೀವು ಇರುವುದು ಯಾವ ಮನೆ?"

"ಕೋಟೆಯೊಳಗಿನ ದೊಡ್ಡ ಹೆಂಚಿನ ಮನೆ. ನನ್ನ ಮದುವೆಯಲ್ಲಿ ಭಾವನವರು ಕೊಟ್ಟದ್ದು. ಏಳು ವರ್ಷವಾಯಿತು."

"ಅದೇ ಬಹುಮಾನ. ಮೊದಲೇ ಮಾಡಿಟ್ಟ ಆಟಕ್ಕೆ ಮೊದಲೇ ಕೊಟ್ಟ ಮನೆ. ಯಾವಾಗ ಕೊಡುತ್ತೇವೆ ಅಂತಲೂ ಡಂಗುರದವನು ಹೇಳಿರಲಿಲ್ಲ. ಹೋಗಿ, ಸುಖವಾಗಿರಿ."

ಹಿರಿಯಣ್ಣ ಹಾಸು ಮಡಿಸಿಕೊಂಡ. ಅದು ಹಳೆಯ ಮಡಿಕೆಗಳಲ್ಲೇ ತಾನಾಗಿ ಮಡಿಸಿಕೊಂಡಿತು.

"ಹಾಗಾದರೆ ನಿನ್ನೆಯಿಂದ ಮಾಡಿದ ಆಟಕ್ಕೆ ಇವತ್ತು ಕೊಡುವ ಮನೆ" ಎಂದು ದೊರೆ ಬೀಗದಕೈಯನ್ನು ಈರವ್ವನ ಕೈಗೆ ಹಾಕಿದರು. ಅದಕ್ಕೂ ಕೆಸರಾಯಿತು. ಅವಳು ಅತ್ತುಬಿಟ್ಟಳು. "ಎರಡು ಏಡಿಯ ವಿಷಯ ನಾಳೆ ಹೇಳ್ತೀನಿ ಬುದ್ಧಿ" ಅಂದಳು.

ಚೆಲುವಯ್ಯ ಹೋಗದೆ ನಿಂತೇ ಇದ್ದ. ದೊರೆಗೆ ಅರ್ಥವಾಯಿತು, ನಗು ಬಂತು.

"ನಿನಗೂ ಬಹುಮಾನ ಬೇಕೇನೋ? ಹೋದ ದಸರೆಗೆ ಶಾಲು ಕೊಟ್ಟಿದ್ದೆನಲ್ಲ, ಅದೇ ಇವತ್ತಿನದು."

ಚೆಲುವಯ್ಯ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದ.

"ಏನಯ್ಯಾ, ಒಂದು ನಮಸ್ಕಾರವೂ ಇಲ್ಲವೇ?"

"ಅದನ್ನು ಹೋದ ದಸರೆಗೇ ಮಾಡಿದ್ದೇನೆ ಪ್ರಭು."